ಒಂಬತ್ತು ಅಡಿಯ ಬಾಗು

ನಗರಸಭೆಯಲ್ಲಿ ನಕ್ಷೆ ಬರೆಯುವ ಟೇಪಣ್ಣನಿಗೆ ತಂದೆ ತಾಯಿ ಇಟ್ಟ ಹೆಸರೂ ಒಂದಿತ್ತು. ಅದು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಅಂಗಿಯ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡೇ ತಿರುಗುವ ಮನುಷ್ಯ ಅವನು. ನೆಂಟರ ಮನೆಗೆ ಹೋದರೆ ಕುಶಲ ವಿಚಾರಿಸುವ ಮೊದಲು ಬಾಗಿಲಿನ ಅಗಲ ನೋಡುತ್ತಿದ್ದ. ಬಾಗಿಲು ಎರಡಿಂಚು ಕಿರಿದಾಗಿದ್ದರೆ ಆ ನೆಂಟರ ಮೇಲಿನ ಗೌರವವೂ ಅಷ್ಟೇ ಕಿರಿದಾಗುತ್ತಿತ್ತು. ಕಚೇರಿಯವರು ಟೇಪಣ್ಣ ಎಂದು ಹೆಸರಿಟ್ಟರು, ಹೆಸರು ಅವನ ಹಿಂದೆಯೇ ಮನೆಗೂ ಬಂತು. ಕೊನೆಗೆ ಅವನ ಅತ್ತೆ ಕೂಡ ಮಗಳಿಗೆ ಫೋನು ಮಾಡಿದಾಗ "ಟೇಪಣ್ಣ ಊಟ ಮಾಡಿದ್ರಾ" ಎಂದು ಕೇಳುವ ಹಾಗಾಯಿತು.

ಅವನಿಗೆ ದೊಡ್ಡ ಆಸೆಗಳಿರಲಿಲ್ಲ. ಇದ್ದ ಒಂದೇ ಆಸೆಯ ಅಳತೆ ಎರಡಿಂಚು ಉದ್ದ, ಮುಕ್ಕಾಲು ಇಂಚು ಅಗಲ. ಸರ್ಕಾರಿ ನಕ್ಷೆ ಯಾವುದೇ ಇರಲಿ, ಅದರ ಕೆಳಮೂಲೆಯಲ್ಲಿ ನಾಲ್ಕು ಮನೆಗಳ ಒಂದು ಪಟ್ಟಿ ಇರುತ್ತದೆ. ಬರೆದವರು, ಪರಿಶೀಲಿಸಿದವರು, ವಿನ್ಯಾಸ ಮಾಡಿದವರು, ಒಪ್ಪಿದವರು. ಮೂವತ್ತನಾಲ್ಕು ವರ್ಷ ಟೇಪಣ್ಣ ಮೊದಲನೆಯ ಮನೆಯಲ್ಲೇ ಸೈನು ಹಾಕಿದ್ದ. ಚರಂಡಿ, ಮೋರಿ, ಸಾರ್ವಜನಿಕ ಶೌಚಾಲಯ, ಸ್ಮಶಾನದ ಕಾಂಪೌಂಡು, ಊರಿನ ಯಾವ ಮೂಲೆಗೆ ಹೋದರೂ ಅವನ ಪೆನ್ಸಿಲ್ಲಿನ ಗೆರೆ ಸಿಮೆಂಟಾಗಿ ನಿಂತಿತ್ತು. ಆದರೆ ಆ ಗೆರೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಹೇಳಿದವರು ಬೇರೆ ಯಾರೋ. ನಿವೃತ್ತಿಗೆ ಮುಂಚೆ ಒಂದು ಸಲ, ಒಂದೇ ಒಂದು ಸಲ, ಆ ಮೂರನೆಯ ಮನೆಯಲ್ಲಿ ಸೈನು ಹಾಕಬೇಕು ಎಂದು ಅವನು ಒಳಗೊಳಗೇ ಆಸೆಪಡುತ್ತಿದ್ದ. ನಿವೃತ್ತಿಗೆ ಇನ್ನು ಒಂದು ವರ್ಷ ಉಳಿದಿತ್ತು.

ಕಚೇರಿಯಲ್ಲಿ ಅವನ ಮೇಜು ಇದ್ದದ್ದು ನಡುದಾರಿಯಲ್ಲಿ. ಗೋಡೆಗೆ ಒತ್ತಿದರೆ ಬೆಳಕು ಸಾಲದು, ಕಿಟಕಿಗೆ ಒತ್ತಿದರೆ ಮಳೆ ನೀರು ಹಾಳೆಗೆ ಸಿಡಿಯುತ್ತದೆ ಎಂದು ಯಾರೋ ಯಾವಾಗಲೋ ಅಲ್ಲಿ ಇಟ್ಟಿದ್ದರು, ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ. ನೀರಿನ ದೂರು ತಂದವರು, ಫೈಲು ಹೊತ್ತ ಜವಾನರು, ಸಾಹೇಬರು, ಎಲ್ಲರೂ ಸೊಂಟ ಓರೆ ಮಾಡಿಕೊಂಡು ಅದನ್ನು ಬಳಸಿ ಹೋಗುತ್ತಿದ್ದರು. ತಾಗಿ ತಾಗಿ ಮೇಜಿನ ಒಂದು ಮೂಲೆ ಗುಂಡಗಾಗಿ ನುಣುಪು ಬಂದಿತ್ತು. ಊರಿನ ಎಲ್ಲ ಮೂಲೆಗಳನ್ನೂ ಅಳೆದಿದ್ದ ಟೇಪಣ್ಣ ಈ ಮೂಲೆಯನ್ನು ಮಾತ್ರ ನೋಡಿರಲಿಲ್ಲ. ಬಗ್ಗಿಸಿದ ತಲೆ ಎತ್ತದೆ ಗೆರೆ ಎಳೆಯುವವನಿಗೆ ಪಕ್ಕದಲ್ಲಿ ಹೋಗುವವರ ಸೊಂಟ ಯಾಕೆ ಕಂಡೀತು.

ಆ ವರ್ಷ ರೈಲು ನಿಲ್ದಾಣದ ಮುಂದಿನ ಅಂಗಳವನ್ನು ಹೊಸದಾಗಿ ಮಾಡಬೇಕು ಎಂದು ಮೇಲಿನಿಂದ ಆದೇಶ ಬಂತು. ಅಂಗಳ ಅನ್ನುವುದು ಗೌರವದ ಮಾತು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು, ಎರಡೂ ಕಾಲದಲ್ಲಿ ಅಡ್ಡಾದಿಡ್ಡಿ ನಿಂತ ಬಾಡಿಗೆ ಕಾರುಗಳು. ಒಂದು ತುದಿಗೆ ನಿಲ್ದಾಣದ ದೊಡ್ಡ ಬಾಗಿಲು, ನೂರಿಪ್ಪತ್ತು ಅಡಿ ಆಚೆ ಇನ್ನೊಂದು ತುದಿಗೆ ಬಸ್ ಸ್ಟಾಪು. ಎಡಗಡೆ ನಿಲ್ದಾಣದ ಕಟ್ಟಡವೇ ಚಾಚಿಕೊಂಡು ಬಂದಿತ್ತು. ಆ ಗೋಡೆಯಲ್ಲಿ ವಿಚಾರಣೆಯ ಕಿಟಕಿ, ಕಿಟಕಿಯ ಹಿಂದೆ ಟೇಪಣ್ಣನ ಹೆಂಡತಿ. ಇಪ್ಪತ್ತೇಳು ವರ್ಷದಿಂದ ಅವಳು ಅಲ್ಲಿ ಕೂತು ಯಾವ ಗಾಡಿ ಎಷ್ಟು ತಡ ಎಂದು ಹೇಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಇಲ್ಲ. ಮನೆಯಲ್ಲೂ ಅದೇ ಕಾಯಿದೆ.

ಮೊದಲು ಹೊರಗಿನ ಒಂದು ದೊಡ್ಡ ಕಂಪನಿಯಿಂದ ನಕ್ಷೆ ತರಿಸಿದರು. ಅದರಲ್ಲಿ ಕಾರಂಜಿ, ಕೊಳ, ಕೊಳದಲ್ಲಿ ಹಂಸ, ಹಂಸ ನೋಡುತ್ತ ನಿಂತ ಬಿಳಿ ಬಟ್ಟೆಯ ಜನ ಇದ್ದರು. ಸೂಟ್‌ಕೇಸು ಹಿಡಿದವರು ಒಬ್ಬರೂ ಇರಲಿಲ್ಲ. ಹಿರಿಯ ಎಂಜಿನಿಯರ್ ಸಾಹೇಬರು ಅದನ್ನು ಎರಡು ದಿನ ತಿರುಗಿಸಿ ಮುರುಗಿಸಿ ನೋಡಿ ಸುತ್ತಿಟ್ಟರು.

"ಟೇಪಣ್ಣ, ನೀವೇ ಏನಾದ್ರೂ ಮಾಡಿ" ಎಂದರು.

ಟೇಪಣ್ಣ ಇಂಥ ಮಾತಿಗೆ ಹನ್ನೆರಡು ವರ್ಷದಿಂದ ಕಾದಿದ್ದ. ಹನ್ನೆರಡು ವರ್ಷದ ಹಿಂದೆ ಆಗಿನ ಸಾಹೇಬರು ಒಂದು ಪಾರ್ಕಿನೊಳಗೆ ಸುತ್ತಿ ಸುತ್ತಿ ಹೋಗುವ ದಾರಿ ಬರೆಸಿದ್ದರು. ಒಂದೇ ತಿಂಗಳಲ್ಲಿ ಜನ ಆ ದಾರಿಯನ್ನು ನಾಯಿಗಳಿಗೆ ಬಿಟ್ಟು, ಹುಲ್ಲಿನ ಮೇಲೆ ತಮ್ಮದೇ ಕಾಲುದಾರಿ ಮಾಡಿಕೊಂಡರು. ಅಂದಿನಿಂದ ಟೇಪಣ್ಣನದೊಂದು ಸಿದ್ಧಾಂತ ಹುಟ್ಟಿತು. ದಾರಿಯನ್ನು ಮೊದಲು ಕಾಲು ಬರೆಯಬೇಕು, ಆಮೇಲೆ ಪೆನ್ಸಿಲ್ಲು.

"ಏಳು ದಿನ ಕೊಡಿ ಸಾರ್. ಜನ ಹೇಗೆ ನಡೀತಾರೆ ನೋಡ್ತೀನಿ. ಅದನ್ನೇ ಬರೀತೀನಿ."

"ನೋಡೋಕೇನಿದೆ ಅದರಲ್ಲಿ? ಜನ ಕಾಲಲ್ಲೇ ನಡೀತಾರೆ" ಎಂದರು ಸಾಹೇಬರು. ಆದರೂ ಏಳು ದಿನ ಕೊಟ್ಟರು.

ಟೇಪಣ್ಣ ಅಂಗಳದಿಂದ ಕಾರುಗಳನ್ನು ಎಬ್ಬಿಸಿದ. ನೆಲಕ್ಕೆ ಸಣ್ಣಗೆ ಕಲ್ಲುಪುಡಿ ಹರಡಿಸಿದ, ಹೆಜ್ಜೆ ಮೂಡಲಿ ಎಂದು. ಬಾಗಿಲೂ ಕಾಣಬೇಕು, ಬಸ್ ಸ್ಟಾಪೂ ಕಾಣಬೇಕು, ಒಂದು ಕಾಲೂ ತಪ್ಪಿಹೋಗಬಾರದು. ಹಾಗಾಗಿ ಅಂಗಳದ ನಟ್ಟನಡುವೆ ಮೇಜು ಹಾಕಿಸಿ, ಸ್ಟೂಲು ಇಟ್ಟು, ಮೇಲೆ ದೊಡ್ಡ ಕಪ್ಪು ಕೊಡೆ ನಿಲ್ಲಿಸಿಕೊಂಡು ಕೂತ. ಗಾಳಿಗೆ ಕೊಡೆ ಹಾರದಿರಲೆಂದು ಎಡಗಡೆ ಗೂಟ ಹೊಡೆದು ಹಗ್ಗ ಕಟ್ಟಿದ. ಮೊದಲನೆಯ ದಿನ ಇಬ್ಬರು ಆ ಹಗ್ಗಕ್ಕೆ ಎಡವಿದರು. ಎರಡನೆಯ ದಿನದಿಂದ ಎಲ್ಲರೂ ಬಲಗಡೆಯಿಂದಲೇ ಹೋದರು. ಟೇಪಣ್ಣ ಮೈಯೆಲ್ಲ ಕಣ್ಣಾಗಿ ಕೂತು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದ. ಬೆಳಗಿನ ಗಾಡಿಗೆ ಇಳಿದವರು ಇಷ್ಟು, ಮಕ್ಕಳನ್ನು ಎತ್ತಿಕೊಂಡವರು ಇಷ್ಟು, ಕೋಲೂರಿದವರು ಇಷ್ಟು. ಮಧ್ಯಾಹ್ನ ಒಂದಕ್ಕೆ ಹೆಂಡತಿ ಊಟದ ಡಬ್ಬಿ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಅವಳಿಗೂ ಒಂದು ಗೀಟು ಬೀಳುತ್ತಿತ್ತು.

ನಿಲ್ದಾಣದಲ್ಲಿ ಕೈಗಾಡಿಯಲ್ಲಿ ಸಾಮಾನು ಸಾಗಿಸುವ ಒಬ್ಬ ಮುದುಕನಿದ್ದ. ಎಲ್ಲರೂ ಅವನನ್ನು ಗಾಡಿ ತಾತ ಅನ್ನುತ್ತಿದ್ದರು. ಎರಡನೆಯ ದಿನ ಅವನು ತುಂಬಿದ ಗಾಡಿ ತಂದು ಮೇಜಿನ ಎದುರು ನಿಲ್ಲಿಸಿದ.

"ಸಾರ್, ನೀವು ಸ್ವಲ್ಪ ಆ ಕಡೆ ಸರಿದು ಕೂತ್ಕೊಂಡ್ರೆ ಗಾಡಿ ನೇರ ಹೋಗುತ್ತೆ."

"ತಾತ, ನಾನು ಸರ್ವೆಗೆ ಕೂತಿರೋನು. ನಾನಿಲ್ಲ ಅಂತ ತಿಳ್ಕೊಂಡು ಹೋಗಿ."

"ಇಲ್ಲ ಅಂತ ಹೇಗೆ ತಿಳ್ಕೊಳ್ಳೋದು ಸಾರ್. ಇದ್ದೀರಲ್ಲ" ಎಂದ ತಾತ. ಆಮೇಲೆ ಗಾಡಿ ತಿರುಗಿಸಿಕೊಂಡು ಸುತ್ತಿ ಹೋದ. ಟೇಪಣ್ಣ ಕೈಗಾಡಿಯ ಕಾಲಮ್ಮಿನಲ್ಲಿ ಒಂದು ಗೀಟು ಹಾಕಿದ.

ಏಳನೆಯ ದಿನ ಸಂಜೆ ಅದೇ ತಾತನ ಗಾಡಿಯಲ್ಲಿ ಮೇಜು, ಸ್ಟೂಲು, ಕೊಡೆ, ಗೂಟ ಎಲ್ಲ ಕಚೇರಿಗೆ ವಾಪಸಾದವು. ಎಂಟನೆಯ ದಿನ ಬೆಳಿಗ್ಗೆ ಮೊದಲ ಗಾಡಿ ಬರುವ ಮುಂಚೆ ಟೇಪಣ್ಣ ಟೇಪು ಹಿಡಿದುಕೊಂಡು ಅಂಗಳಕ್ಕೆ ಬಂದ. ಖಾಲಿ ಅಂಗಳದಲ್ಲಿ, ಬಿಳಿಯ ಕಲ್ಲುಪುಡಿಯ ಮೇಲೆ, ಏಳು ದಿನದ ಸಾವಿರಾರು ಹೆಜ್ಜೆಗಳು ಒಂದು ದಾರಿ ಬರೆದಿದ್ದವು. ಬಾಗಿಲಿನಿಂದ ನೇರ ಬಂದು, ಅಂಗಳದ ನಡುವೆ ಬಲಕ್ಕೆ ಬಿಲ್ಲಿನ ಹಾಗೆ ಬಾಗಿ, ಮತ್ತೆ ನೇರವಾಗಿ ಬಸ್ ಸ್ಟಾಪಿಗೆ ಹೋಗಿತ್ತು. ಅಳೆದ. ಬಾಗು ಸರಿಯಾಗಿ ಒಂಬತ್ತು ಅಡಿ. ಕಣ್ಣೆದುರು ಏನೂ ಇಲ್ಲದ ಜಾಗ, ಆದರೂ ಇಡೀ ಊರು ಮಾತಾಡಿಕೊಂಡ ಹಾಗೆ ಅದನ್ನು ಬಳಸಿ ನಡೆದಿದೆ. ಜನರ ಕಾಲಿಗೆ ನಮಗೆ ತಿಳಿಯದ ಏನೋ ಒಂದು ತಿಳುವಳಿಕೆ ಇದೆ ಎಂದುಕೊಂಡ. ಮೂವತ್ತನಾಲ್ಕು ವರ್ಷ ಬಳಸಿ ಹೋಗಿಸಿಕೊಂಡವನಿಗೆ, ಬಳಸಿ ಹೋಗಲು ನಡುವೆ ಒಬ್ಬ ಕೂತಿರಬೇಕು ಎಂಬುದು ಹೊಳೆಯಲೇ ಇಲ್ಲ.

ನಕ್ಷೆ ನೋಡಿ ಸಾಹೇಬರು ಕೇಳಿದರು. "ಇದ್ಯಾಕೆ ಮಧ್ಯ ಬಾಗಿದೆ?"

"ಜನ ಹಾಗೇ ನಡೀತಾರೆ ಸಾರ್. ಲೆಕ್ಕ ಇದೆ, ಇಟ್ಟಿದ್ದೀನಿ."

ಸಾಹೇಬರು ಲೆಕ್ಕ ನೋಡಿದರು, ಬಾಗು ನೋಡಿದರು, ಮಧ್ಯಾಹ್ನದ ಹೊತ್ತಿಗೆ ಬಾಗಿಗೆ ಮೂರು ಕಾರಣ ಕಂಡುಹಿಡಿದರು. ನೇರ ದಾರಿ ಪ್ರಯಾಣಿಕನ ಮನಸ್ಸಿಗೆ ಆಯಾಸ ತರುತ್ತದೆ. ಬಾಗಿದ ದಾರಿಯಲ್ಲಿ ಪ್ರಯಾಣಿಕ ಒಂದು ಕ್ಷಣ ತಿರುಗಿ ನಿಲ್ದಾಣದ ಭವ್ಯತೆಯನ್ನು ನೋಡುತ್ತಾನೆ. ಬಾಗಿನ ಒಳಗಿನ ಜಾಗದಲ್ಲಿ ಹುಲ್ಲು ಬೆಳೆಸಿದರೆ ಕಣ್ಣಿಗೆ ತಂಪು. ಇದನ್ನೆಲ್ಲ ಟೈಪು ಮಾಡಿಸಿ ಮೇಲಕ್ಕೆ ಕಳಿಸುವ ಮೊದಲು, ಯಾವುದಕ್ಕೂ ಇರಲಿ ಎಂದು, ನಕ್ಷೆಯನ್ನು ಟೇಪಣ್ಣನ ಕಡೆ ತಳ್ಳಿದರು. ಹೊಸ ರೀತಿಯ ಕೆಲಸ ಕೆಟ್ಟರೆ ಹಿಡಿದು ಕೇಳಲು ಒಬ್ಬ ಬೇಕಲ್ಲ.

"ವಿನ್ಯಾಸದ ಕಡೆ ನೀವೇ ಸೈನ್ ಹಾಕಿಬಿಡಿ."

ಟೇಪಣ್ಣ ಮೊದಲು ಪೆನ್ನನ್ನು ಬೇರೆ ಹಾಳೆಯ ಮೇಲೆ ಗೀಚಿ ನೋಡಿದ. ಆಮೇಲೆ ಕೈ ಒರೆಸಿಕೊಂಡು ಮೂರನೆಯ ಮನೆಯಲ್ಲಿ ತನ್ನ ಹೆಸರು ಬರೆದ, ಆ ಹಾಜರಿ ಪುಸ್ತಕದ ಹೆಸರನ್ನು. ಅಕ್ಷರ ಗೆರೆ ದಾಟಲಿಲ್ಲ. ಸಂಜೆ ನಕ್ಷೆಯ ಒಂದು ಪ್ರತಿ ಮಡಿಸಿಕೊಂಡು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದ. ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಏನ್ರೀ ಇದು, ದಾರಿಗೆ ಹೊಟ್ಟೆ ಬಂದಿದೆ."

"ಅದು ಬಾಗು. ಕೆಳಗೆ ನೋಡು, ಮೂಲೇಲಿ."

ಅವಳು ಮೂಲೆ ನೋಡಿದಳು. ಮತ್ತೆ ಬಾಗು ನೋಡಿದಳು. ಅವನ ಮುಖ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಸೈನ್ ಚೆನ್ನಾಗಿ ಬಂದಿದೆ" ಎಂದಳು.

ಎಂಟು ತಿಂಗಳಲ್ಲಿ ಅಂಗಳ ಸಿದ್ಧವಾಯಿತು. ಬೂದು ಬಣ್ಣದ ಕಲ್ಲುಹಾಸಿನ ದಾರಿ, ಎರಡೂ ಬದಿಗೆ ಅಂಚುಗಲ್ಲು, ಬಾಗಿನ ಒಳಗೆ ಹಸಿರು ಹುಲ್ಲು. ಉದ್ಘಾಟನೆಯ ದಿನ ಸಾಹೇಬರು ಮೂರು ಕಾರಣಗಳನ್ನೂ ಹೇಳಿ ಮೂರಕ್ಕೂ ಚಪ್ಪಾಳೆ ಗಿಟ್ಟಿಸಿದರು. ಟೇಪಣ್ಣನಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು, ಅವನಿಗೆ ಅದೇ ಸಾಕಾಗಿತ್ತು. ರಿಬ್ಬನ್ನು ಕತ್ತರಿಸಿದ ಹತ್ತು ನಿಮಿಷಕ್ಕೆ ಹನ್ನೊಂದರ ಗಾಡಿ ಬಂತು. ಇನ್ನೂರು ಜನ ಬಾಗಿಲಿನಿಂದ ಹೊರಬಿದ್ದರು, ಕಲ್ಲುಹಾಸಿನ ಮೇಲೆ ಬಂದರು, ಬಾಗು ಸಿಗುವ ಜಾಗಕ್ಕೆ ಬಂದರು, ಅಂಚುಗಲ್ಲು ದಾಟಿ ಹುಲ್ಲಿನ ಮೇಲೆ ನೇರವಾಗಿ ಬಸ್ ಸ್ಟಾಪಿಗೆ ಹೋದರು. ಒಬ್ಬನೂ ಬಾಗಲಿಲ್ಲ. ನಿಲ್ದಾಣದ ಭವ್ಯತೆಯನ್ನು ಯಾರೂ ತಿರುಗಿ ನೋಡಲಿಲ್ಲ.

"ಅಭ್ಯಾಸ ಆಗಬೇಕು" ಎಂದರು ಸಾಹೇಬರು.

ಅಭ್ಯಾಸ ಆಗಲಿಲ್ಲ. ಹುಲ್ಲಿನ ಮೇಲೆ ನಡೆಯಬಾರದು ಎಂದು ಬೋರ್ಡು ಹಾಕಿದರು. ಜನ ಬೋರ್ಡಿಗೆ ಚೀಲ ಆನಿಸಿ ಚಪ್ಪಲಿ ಸರಿಮಾಡಿಕೊಂಡು ಮುಂದೆ ನಡೆದರು. ಹಗ್ಗ ಕಟ್ಟಿದರು. ಎತ್ತರದವರು ದಾಟಿದರು, ಕುಳ್ಳಗಿದ್ದವರು ನುಸುಳಿದರು. ಸೀಟಿ ಊದಲು ಒಬ್ಬ ಕಾವಲುಗಾರನನ್ನು ನೇಮಿಸಿದರು. ಅವನು ಒಂದು ವಾರ ಊದಿ, ಎರಡನೆಯ ವಾರ ತಾನೇ ಹುಲ್ಲು ದಾಟಿ ಚಹಾ ಕುಡಿಯಲು ಹೋದ. ಟೇಪಣ್ಣ ದಿನಾ ಕಚೇರಿ ಬಿಟ್ಟ ಮೇಲೆ ಬಂದು, ತನ್ನ ಬಾಗು ಖಾಲಿ ಬಿದ್ದಿರುವುದನ್ನು ನೋಡುತ್ತ ನಿಲ್ಲುತ್ತಿದ್ದ. ತಾನು ಹಾಕಿದ ಗೀಟುಗಳೆಲ್ಲ ಸುಳ್ಳೇ ಎಂದು ಮತ್ತೆ ಮತ್ತೆ ನೋಟ್‌ಬುಕ್ಕು ತೆಗೆದು ನೋಡಿದ. ಸುಳ್ಳಿರಲಿಲ್ಲ. ಇದೇ ಜನ, ಇದೇ ಕಾಲು, ಆಗ ಬಳಸಿ ಹೋಗಿದ್ದರು, ಈಗ ಹೋಗುತ್ತಿಲ್ಲ. ಅವನಿಗೆ ಊಟ ಸೇರದಾಯಿತು.

ಒಂದು ಭಾನುವಾರ ಹೆಂಡತಿ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಗ ಅವನು ಅವಳ ಎದುರು ಸ್ಟೂಲು ಎಳೆದುಕೊಂಡು ಕೂತ.

"ಜನ ಆಗ ಬಾಗಿಕೊಂಡು ಹೋಗ್ತಿದ್ರು, ಈಗ ಯಾಕೆ ನೇರ ಹೋಗ್ತಾರೆ?"

ಕೇಳಿದ್ದಕ್ಕೆ ಉತ್ತರ ಕೊಡುವುದು ಅವಳ ಕಾಯಿದೆ. ಬಟಾಣಿಯಿಂದ ಕಣ್ಣು ತೆಗೆಯದೆ ಹೇಳಿದಳು. "ಆಗ ಅಲ್ಲಿ ನೀವು ಕೂತಿದ್ರಲ್ಲ."

ಟೇಪಣ್ಣ ಎದ್ದು ಹೋಗಿ ನಕ್ಷೆಯನ್ನೂ ನೋಟ್‌ಬುಕ್ಕನ್ನೂ ತಂದ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಅವನದೇ ಕೈಬರಹದಲ್ಲಿ, ವೀಕ್ಷಣೆಯ ಮೇಜು ಬಾಗಿಲಿನಿಂದ ಅರವತ್ತು ಅಡಿ ಎಂದಿತ್ತು. ನಕ್ಷೆಯಲ್ಲಿ ಬಾಗಿನ ನಡುಮಧ್ಯ ಬಾಗಿಲಿನಿಂದ ಅರವತ್ತು ಅಡಿಗಿತ್ತು. ಗಾಡಿ ತಾತ ಎರಡನೆಯ ದಿನವೇ ಹೇಳಿದ್ದು ಈಗ ಕಿವಿಗೆ ಬಿತ್ತು. ಊರಿನ ಎಲ್ಲರನ್ನೂ ಎಣಿಸಿದವನು ಎಣಿಸಲು ಕೂತವನೊಬ್ಬನನ್ನು ಬಿಟ್ಟಿದ್ದ.

"ನಿನಗೆ ಯಾವಾಗ ಗೊತ್ತಾಯ್ತು?"

"ನಕ್ಷೆ ತಂದ್ರಲ್ಲ, ಅವತ್ತೇ. ನಾನೂ ಡಬ್ಬಿ ಹಿಡ್ಕೊಂಡು ಏಳು ದಿನ ಸುತ್ತಿಕೊಂಡೇ ಬಂದಿದ್ದೆ."

"ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ" ಎಂದಳು. ಎರಡು ಕಾಯಿ ಸುಲಿದ ಮೇಲೆ, "ಕೇಳಿದ್ರೂ ಹೇಳ್ತಿರಲಿಲ್ಲ ಬಿಡಿ. ಮೂವತ್ತನಾಲ್ಕು ವರ್ಷಕ್ಕೆ ಒಂದು ಸಲ ಅಷ್ಟು ಖುಷಿಯಾಗಿದ್ರಿ. ನನ್ನ ಬಾಯಿಂದ ಅದು ಹೇಗೆ ಬರುತ್ತೆ" ಎಂದಳು.

ಅವನು ಬಟ್ಟಲಿನಿಂದ ಒಂದು ಹಿಡಿ ಬಟಾಣಿಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದ.

ಇಲ್ಲಿಗೆ ಮುಗಿಸಬಹುದಿತ್ತು. ಗೊತ್ತಿದ್ದವರು ಮೂವರು, ಒಬ್ಬಳು ಹೆಂಡತಿ, ಒಬ್ಬ ತಾತ, ಒಬ್ಬ ತಾನು. ನಿವೃತ್ತಿಗೆ ಉಳಿದಿದ್ದು ಇಪ್ಪತ್ತು ದಿನ. ತುಟಿ ಪಿಟಕ್ಕೆನ್ನದೆ ಇದ್ದರೆ ಮೂರನೆಯ ಮನೆಯ ಸೈನು ಹಾಗೇ ಉಳಿಯುತ್ತಿತ್ತು. ಟೇಪಣ್ಣನೂ ಹಾಗೇ ಅಂದುಕೊಂಡು ನಾಲ್ಕು ದಿನ ಸುಮ್ಮನಿದ್ದ. ಐದನೆಯ ದಿನ ಗಾಡಿ ತಾತನನ್ನು ಒಬ್ಬ ಪ್ರಯಾಣಿಕ ಬಸ್ಸು ತಪ್ಪುತ್ತದೆ ಎಂದು ಅವಸರ ಮಾಡಿದ. ತಾತ ಹಗ್ಗ ಎತ್ತಿ ಗಾಡಿಯನ್ನು ನೇರ ನುಗ್ಗಿಸಿದ. ಚಕ್ರ ಅಂಚುಗಲ್ಲಿಗೆ ಬಡಿದು ಗಾಡಿ ಮಗುಚಿತು, ಕಬ್ಬಿಣದ ಪೆಟ್ಟಿಗೆ ತಾತನ ಕಾಲ ಮೇಲೆ ಬಿದ್ದು ಎರಡು ಬೆರಳು ಜಜ್ಜಿಹೋದವು. ಟೇಪಣ್ಣ ನೋಡಲು ಹೋದಾಗ ತಾತ ಬ್ಯಾಂಡೇಜು ಸುತ್ತಿದ ಕಾಲು ಮುಂದೆ ಚಾಚಿಕೊಂಡು ಹಾಸಿಗೆಯ ಮೇಲೆ ಕೂತಿದ್ದ.

"ನಿಮ್ಮ ದಾರಿ ಚೆನ್ನಾಗಿದೆ ಸಾರ್. ನಮ್ಮ ಗಾಡಿಗೇ ಬುದ್ಧಿ ಇಲ್ಲ" ಎಂದ. ಅಣಕಿಸಿ ಹೇಳಿದ್ದಲ್ಲ. ಅಣಕಿಸಿದ್ದರೆ ಟೇಪಣ್ಣನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆಯೇ ಅವನು ಸಾಹೇಬರಿಗೆ ಪತ್ರ ಬರೆದ. ಬಾಗು ಜನರದ್ದಲ್ಲ, ನನ್ನದು. ಅಂಗಳದ ನಡುವೆ ಮೇಜು, ಸ್ಟೂಲು, ಕೊಡೆ ಹಾಕಿಕೊಂಡು ನಾನು ಏಳು ದಿನ ಕೂತಿದ್ದರಿಂದ ಜನ ನನ್ನನ್ನು ಬಳಸಿ ಹೋದರು. ನಾನು ಎದ್ದ ಮೇಲೆ ಬಳಸಲು ಏನೂ ಇಲ್ಲ. ದಯವಿಟ್ಟು ದಾರಿಯನ್ನು ನೇರ ಮಾಡಿಸಿ, ವಿನ್ಯಾಸದ ಮನೆಯಿಂದ ನನ್ನ ಸೈನು ತೆಗೆಸಬೇಕು. ಕೊನೆಯ ವಾಕ್ಯ ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಸಾಹೇಬರು ಪತ್ರ ಓದಿ ಬಾಗಿಲು ಹಾಕಿಸಿದರು.

"ಟೇಪಣ್ಣ, ಈ ಬಾಗನ್ನ ಬೇರೆ ಮೂರು ಊರಲ್ಲೂ ಮಾಡಿ ಅಂತ ಮೇಲಿಂದ ಹೇಳಿದ್ದಾರೆ. ಈಗ ಹೋಗಿ, ಅಲ್ಲಿ ನಮ್ಮ ಮನುಷ್ಯ ಕೂತಿದ್ದ ಅಂತ ಹೇಳಲಾ? ಸೈನ್ ಹಾಕೋದು ಸುಲಭ, ತೆಗೆಯೋಕೆ ಬೇರೆ ಫೈಲೇ ಬೇಕು."

"ಜನ ಎಡವಿ ಬೀಳ್ತಿದ್ದಾರೆ ಸಾರ್."

"ಅದಕ್ಕೆ ಪರಿಹಾರ ನೋಡೋಣ" ಎಂದರು.

ಪರಿಹಾರಕ್ಕೆ ಒಂದು ಸಮಿತಿಯಾಯಿತು. ಜನ ಬಾಗಬೇಕಾದರೆ ಹುಲ್ಲಿನ ನಡುವೆ ಅಡ್ಡಲಾಗಿ ಏನಾದರೂ ಇರಬೇಕು ಎಂದು ಸಮಿತಿ ಕಂಡುಕೊಂಡಿತು. ಪ್ರತಿಮೆ ನಿಲ್ಲಿಸೋಣ ಎಂದರು, ಯಾರದ್ದು ಎಂಬಲ್ಲಿಗೆ ಸಭೆ ಮುರಿಯಿತು. ಕಾರಂಜಿ ಮಾಡೋಣ ಎಂದರು, ನಲ್ಲಿಯಲ್ಲೇ ನೀರಿರಲಿಲ್ಲ. ಹೂವಿನ ಕುಂಡ ಇಟ್ಟರು, ಎರಡೇ ದಿನದಲ್ಲಿ ಕುಂಡಗಳು ಯಾರ್ಯಾರದೋ ಮನೆ ಸೇರಿದವು. ಆಗ ಸಮಿತಿಯಲ್ಲೊಬ್ಬರು ಟೇಪಣ್ಣನ ಪತ್ರವನ್ನು ಇನ್ನೊಮ್ಮೆ ಓದಿದರು. ಪರಿಹಾರ ಅದರಲ್ಲೇ ಇತ್ತು, ಏಳು ದಿನದ ಪುರಾವೆ ಸಮೇತ. ಹೀಗೆ, ಬೀಳ್ಕೊಡುಗೆಯ ಶಾಲು ಮಡಿಕೆ ಬಿಚ್ಚುವ ಮೊದಲೇ, ನಿವೃತ್ತ ಟೇಪಣ್ಣನಿಗೆ ಆದೇಶ ಬಂತು. ಪ್ರಯಾಣಿಕರ ಸಹಾಯಕ, ತಾತ್ಕಾಲಿಕ. ಸ್ಥಳ, ಬಾಗಿಲಿನಿಂದ ಅರವತ್ತು ಅಡಿ. ಸಲಕರಣೆ, ಮೇಜು ಒಂದು, ಸ್ಟೂಲು ಒಂದು, ಕೊಡೆ ಒಂದು.

"ಹೋಗ್ತೀರಾ?" ಎಂದು ಹೆಂಡತಿ ಕೇಳಿದಳು.

"ನಾನು ಹೋಗದಿದ್ರೆ ಇನ್ಯಾರನ್ನೋ ಕೂರಿಸ್ತಾರೆ" ಎಂದ.

ಕೂತ. ಹಗ್ಗ ಬಿಚ್ಚಿಸಿದರು, ಕಾವಲುಗಾರನ ಸೀಟಿ ವಾಪಸು ಪಡೆದರು. ಬೆಳಗಿನ ಗಾಡಿ ಬಂತು. ಇನ್ನೂರು ಜನ ಬಾಗಿಲಿನಿಂದ ಹೊರಬಿದ್ದು, ಕೊಡೆಯ ಕೆಳಗೆ ಕೂತ ಮನುಷ್ಯನನ್ನು ನೋಡಿ, ಅಚ್ಚುಕಟ್ಟಾಗಿ ಒಂಬತ್ತು ಅಡಿ ಬಾಗಿ ಬಸ್ ಸ್ಟಾಪಿಗೆ ಹೋದರು. ದೂರದಲ್ಲಿ ನಿಂತಿದ್ದ ಸಾಹೇಬರಿಗೆ ಕಣ್ಣು ತುಂಬಿ ಬಂತು. ಟೇಪಣ್ಣನ ನಕ್ಷೆ ಕೊನೆಗೂ ಸರಿಹೋಯಿತು. ಅದು ಸರಿಯಾಗಿರಬೇಕಾದರೆ ಅವನು ಸಾಯುವ ತನಕ ಎದ್ದೇಳಬಾರದು, ಅಷ್ಟೇ.

ಹತ್ತು ದಿನ ಹಾಗೇ ಹೋಯಿತು. ಹನ್ನೊಂದನೆಯ ದಿನ ಗಾಡಿ ತಾತ ಕೆಲಸಕ್ಕೆ ಮರಳಿದ. ಕುಂಟುತ್ತ ಗಾಡಿ ತಳ್ಳಿಕೊಂಡು ಬಂದು ಮೇಜಿನ ಎದುರು ನಿಂತ. ಏನೂ ಕೇಳಲಿಲ್ಲ. ಉಸಿರು ಎಳೆದುಕೊಂಡು, ಗಾಡಿಯ ಮೂತಿಯನ್ನು ಬಲಕ್ಕೆ ತಿರುಗಿಸಲು ಜಜ್ಜಿದ ಕಾಲನ್ನು ಊರಿದ. ಅವನ ಮುಖ ಕಿವುಚಿದ್ದನ್ನು ಟೇಪಣ್ಣ ನೋಡಿದ. ನಾನಿಲ್ಲ ಅಂತ ತಿಳ್ಕೊಂಡು ಹೋಗಿ ಎನ್ನಲು ಈ ಸಲ ಅವನಿಗೆ ಬಾಯಿ ಬರಲಿಲ್ಲ.

ಮಾರನೆಯ ದಿನ ಅವನು ಮೇಜನ್ನು ಎಡಕ್ಕೆ ಒಂದು ಗೇಣು ಸರಿಸಿ ಹಾಕಿದ. ಅದರ ಮಾರನೆಯ ದಿನ ಇನ್ನೊಂದು ಗೇಣು. ಮೂವತ್ತೈದು ವರ್ಷದ ನೌಕರಿಯಲ್ಲಿ ಸಾಹೇಬರು ಹೇಳಿದ ಗೆರೆಯನ್ನು ಕೂದಲೆಳೆಯಷ್ಟೂ ಸರಿಸದವನು ದಿನಕ್ಕೊಂದು ಗೇಣು ಆದೇಶ ಮೀರತೊಡಗಿದ. ಯಾರಿಗೂ ಗೊತ್ತಾಗಲಿಲ್ಲ, ಒಂದು ಗೇಣು ಯಾರ ಕಣ್ಣಿಗೆ ಬೀಳುತ್ತದೆ. ಜನರ ಬಾಗೂ ಅವನ ಜೊತೆ ದಿನಕ್ಕೊಂದು ಗೇಣು ಎಡಕ್ಕೆ ಸರಿಯಿತು. ಮೂರನೆಯ ವಾರ ಅವರು ನೆಟ್ಟಗೆ ನಡೆಯುತ್ತಿದ್ದರು. ಹುಲ್ಲು ಸವೆದು ಗಟ್ಟಿ ಮಣ್ಣಿನ ಕಾಲುದಾರಿ ಮೂಡಿತು. ಒಂದು ಬೆಳಿಗ್ಗೆ ನೋಡಿದರೆ ಆ ಕಾಲುದಾರಿಯ ಎರಡೂ ತುದಿಯಲ್ಲಿ ಅಂಚುಗಲ್ಲು ಮಾಯವಾಗಿದ್ದವು. ಟೇಪಣ್ಣ ಟೇಪು ತೆಗೆದು ಅಂತರ ಅಳೆದ, ಕೈಗಾಡಿಯ ಅಗಲಕ್ಕೆ ಸರಿಯಾಗಿತ್ತು. ತಾತನನ್ನು ಏನೂ ಕೇಳಲಿಲ್ಲ. ಟೇಪಣ್ಣ ಸರಿಯುತ್ತಲೇ ಹೋಗಿ, ಆರನೆಯ ವಾರದ ಕೊನೆಗೆ ಎಡಗಡೆಯ ಗೋಡೆ ಸೇರಿದ. ಈಗ ಅವನ ಬೆನ್ನ ಹಿಂದೆಯೇ ವಿಚಾರಣೆಯ ಕಿಟಕಿ. ರೈಲು ಇಲ್ಲದ ಹೊತ್ತಿನಲ್ಲಿ ಹೆಂಡತಿ ಕೇಳದಿದ್ದರೂ ಮಾತಾಡುತ್ತಿದ್ದಳು.

ಬಾಗು ನೋಡಲು ಬೇರೆ ಊರಿನ ಮೂವರು ಎಂಜಿನಿಯರುಗಳು ಬಂದದ್ದು ಆಗ. ಸಾಹೇಬರು ಬಸ್ ಸ್ಟಾಪಿನ ತುದಿಯಲ್ಲಿ ಫೈಲು ಹಿಡಿದುಕೊಂಡು ಕಾಯುತ್ತಿದ್ದರು. ಅತಿಥಿಗಳು ಗಾಡಿ ಇಳಿದು, ಜನರ ಜೊತೆ ಮಾತಾಡಿಕೊಂಡು, ನೂರಿಪ್ಪತ್ತು ಅಡಿ ನೇರ ನಡೆದು ಬಂದು ಕೈ ಕುಲುಕಿದರು.

"ಎಲ್ಲಿ ಸಾರ್ ನಿಮ್ಮ ಬಾಗು?"

ಸಾಹೇಬರು ಅವರ ಬೆನ್ನ ಹಿಂದೆ ನೋಡಿದರು. ನಡುವೆ ಕೊಡೆ ಇರಲಿಲ್ಲ. ಕಲ್ಲುಹಾಸಿನ ಬಾಗು ಪಕ್ಕಕ್ಕೆ ಬಿದ್ದುಕೊಂಡಿತ್ತು, ಅದರ ಮೇಲೆ ಯಾರೋ ಸೈಕಲ್ಲು ನಿಲ್ಲಿಸಿದ್ದರು. ಅವರು ದಾಪುಗಾಲು ಹಾಕುತ್ತ ಗೋಡೆಯ ಕಡೆ ಬಂದರು, ಅತಿಥಿಗಳು ಹಿಂದೆ ಬಂದರು.

"ಟೇಪಣ್ಣ, ನಿಮಗೆ ಮಧ್ಯ ಕೂರಿ ಅಂದಿದ್ದು."

ಟೇಪಣ್ಣ ಎದ್ದು ನಿಂತ. ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಹರಡಿದ. ಅದರಲ್ಲಿ ಬಾಗಿಲು, ಬಸ್ ಸ್ಟಾಪು, ಎರಡರ ನಡುವೆ ಒಂದು ನೇರ ಗೆರೆ. ಅವನು ಜನ್ಮದಲ್ಲಿ ಬರೆದ ಅತಿ ಸಣ್ಣ ನಕ್ಷೆ. ಮೊದಲನೆಯ ಮನೆಯಲ್ಲಿ ಅವನ ಸೈನಿತ್ತು.

"ಇದು ತುಂಬಾ ಚೆನ್ನಾಗಿದೆ" ಎಂದರು ಅತಿಥಿಗಳಲ್ಲೊಬ್ಬರು. "ಎಷ್ಟು ಸರಳ. ವಿನ್ಯಾಸ ಯಾರದ್ದು? ಇಲ್ಲಿ ಸೈನೇ ಇಲ್ಲವಲ್ಲ."

"ಅವರು ನಡ್ಕೊಂಡು ಹೋಗ್ತಿದ್ದಾರೆ ಸಾರ್" ಎಂದು ಟೇಪಣ್ಣ ಅಂಗಳದ ಕಡೆ ಕೈ ತೋರಿಸಿದ. "ನಿಲ್ಲಿಸಿ ಸೈನ್ ಹಾಕಿಸ್ಕೊಳ್ಳೋಕೆ ಆಗಲ್ಲ."

ಸಾಹೇಬರು ಅಂಗಳ ನೋಡಿದರು, ಹಾಳೆ ನೋಡಿದರು, ಅತಿಥಿಗಳ ಮುಖ ನೋಡಿದರು. ಖಾಲಿ ಮನೆ ಕಂಡರೆ ಬಿಡುವ ಜಾಯಮಾನ ಅವರದ್ದಲ್ಲ. ಜೇಬಿನಿಂದ ಪೆನ್ನು ತೆಗೆದು ಮೂರನೆಯ ಮನೆಯಲ್ಲಿ ತಾವೇ ಸೈನು ಹಾಕಿದರು. ಅವರ ಅಕ್ಷರ ಗೆರೆ ದಾಟಿ ಪಕ್ಕದ ಮನೆಗೂ ಕಾಲು ಚಾಚಿತು. ಆಮೇಲೆ ಅತಿಥಿಗಳಿಗೆ, ನೇರ ದಾರಿಗೆ ಮೂರು ಕಾರಣಗಳಿವೆ ಎಂದು ಶುರುಮಾಡಿದರು.

ಕಿಟಕಿಯ ಹಿಂದೆ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಟೇಪಣ್ಣನಿಗೂ ನಗು ತಡೆಯಲಾಗಲಿಲ್ಲ. ಎರಡಿಂಚು ಉದ್ದ, ಮುಕ್ಕಾಲು ಇಂಚು ಅಗಲದ ಆ ಜಾಗ ಬೇರೆಯವರ ಪಾಲಾದದ್ದಕ್ಕೆ ಹೊಟ್ಟೆ ಉರಿಯುತ್ತದೆ ಎಂದು ಅವನು ಒಂದು ಗಳಿಗೆ ಕಾದು ನೋಡಿದ, ಉರಿಯಲಿಲ್ಲ. ಸಂಜೆ ಅವಳ ಪಾಳಿ ಮುಗಿದ ಮೇಲೆ ಕೊಡೆ ಮಡಿಸಿ, ಸ್ಟೂಲನ್ನು ಮೇಜಿನ ಮೇಲೆ ಕವುಚಿ, ಇಬ್ಬರೂ ಹೊರಟರು. ಹುಲ್ಲಿನ ನಡುವಿನ ಮಣ್ಣಿನ ದಾರಿಯಲ್ಲಿ ಅವನು ಅಭ್ಯಾಸಬಲದಿಂದ ಹೆಜ್ಜೆ ಎಣಿಸತೊಡಗಿದ. ಗಾಡಿ ತಾತ ಎದುರಿನಿಂದ ತುಂಬಿದ ಗಾಡಿ ತಳ್ಳಿಕೊಂಡು ನೇರ ಬರುತ್ತಿದ್ದ. ಟೇಪಣ್ಣ ಹೆಂಡತಿಯ ಕೈ ಹಿಡಿದು ಪಕ್ಕಕ್ಕೆ ಸರಿದು ನಿಂತು, ಗಾಡಿ ಹೋಗಲು ಬಿಟ್ಟ. ಅಷ್ಟರಲ್ಲಿ ಎಣಿಕೆ ತಪ್ಪಿಹೋಯಿತು.